ಸುತ್ತಿಟ್ಟ ಬ್ಯಾನರು

ಒಂದು ಸಿನಿಮಾದ ಡಿವಿಡಿ ಡಬ್ಬಿಯ ಬೆನ್ನಿನಿಂದ ಈ ಬರಹ ಶುರುಮಾಡುತ್ತೇನೆ. ವಿಮರ್ಶೆಯನ್ನು ಕೃತಿಯ ಒಳಗಿಂದ ಶುರುಮಾಡಬೇಕು, ಹೊರಗಿನ ರಟ್ಟಿನಿಂದ ಅಲ್ಲ ಎಂದು ನಮ್ಮ ಮೇಷ್ಟ್ರುಗಳು ಕಲಿಸಿದ್ದಾರೆ. ಇರಲಿ. ಎಷ್ಟೋ ಕಾಲ ಕೃತಿಗಳ ಹೊರಗೇ ನಿಂತು ಓದಿದವರು ನಾವು. ರಟ್ಟಿನ ಮೇಲೆ ಏನು ಬರೆದಿದ್ದಾರೆ, ಏನು ಅಳಿಸಿದ್ದಾರೆ ಅನ್ನುವುದೇ ನಮ್ಮ ಕಣ್ಣಿಗೆ ಮೊದಲು ಬೀಳುತ್ತದೆ.

ಸಿನಿಮಾದ ಹೆಸರು 'ಪ್ರೈಡ್'. 2014ರದು. ನಿರ್ದೇಶಕ ಮ್ಯಾಥ್ಯೂ ವಾರ್ಕಸ್, ಬರೆದವನು ಸ್ಟೀಫನ್ ಬೆರೆಸ್‌ಫರ್ಡ್. 1984-85ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರು ಒಂದು ವರ್ಷ ಮುಷ್ಕರ ನಡೆಸಿದರಲ್ಲ, ಆಗ ಲಂಡನ್ನಿನ ಸಲಿಂಗಪ್ರೇಮಿ ಹುಡುಗ ಹುಡುಗಿಯರ ಗುಂಪೊಂದು ಬಕೆಟ್ಟು ಹಿಡಿದು ಬೀದಿಯಲ್ಲಿ ಚಂದಾ ಎತ್ತಿ ವೇಲ್ಸ್‌ನ ಒಂದು ಕಣಿವೆಯ ಗಣಿ ಕುಟುಂಬಗಳಿಗೆ ಕೊಟ್ಟಿತು. ಆ ನಿಜ ಸಂಗತಿಯ ಮೇಲೆ ಕಟ್ಟಿದ ಸಿನಿಮಾ ಇದು. ಗುಂಪಿನ ಹೆಸರು 'ಲೆಸ್ಬಿಯನ್ಸ್ ಅಂಡ್ ಗೇಸ್ ಸಪೋರ್ಟ್ ದ ಮೈನರ್ಸ್'. ಸಿನಿಮಾ ತುಂಬ ಈ ಹೆಸರಿನ ಬ್ಯಾನರು ಹಾರಾಡುತ್ತದೆ. ಆದರೆ ಅಮೆರಿಕದಲ್ಲಿ ಡಿವಿಡಿ ಬಿಡುಗಡೆಯಾದಾಗ ಡಬ್ಬಿಯ ಹಿಂಬದಿಯ ಚಿತ್ರದಲ್ಲಿ ಆ ಬ್ಯಾನರಿನ ಅಕ್ಷರಗಳೇ ಮಾಯವಾಗಿದ್ದವು. ಕಥಾಸಾರದಲ್ಲಿ ಸಲಿಂಗಪ್ರೇಮಿ ಎಂಬ ಮಾತೇ ಇರಲಿಲ್ಲ. ಲಂಡನ್ನಿನ ಒಂದು ಕಾರ್ಯಕರ್ತರ ಗುಂಪು, ಅಷ್ಟೆ. ಯಾವ ಕಾರ್ಯಕರ್ತರು? ಕೇಳಬಾರದು.

ಈ ಕೈಚಳಕ ನಮಗೆ ಹೊಸದಲ್ಲ. ಕನ್ನಡ ವಿಮರ್ಶೆ ದಲಿತ ಬರಹವನ್ನು ಹೊಗಳಬೇಕು ಅಂದುಕೊಂಡಾಗಲೆಲ್ಲ 'ಜಾತಿಯನ್ನು ಮೀರಿದ ಮಾನವೀಯ ಸಂವೇದನೆ' ಎಂಬ ಒಂದು ಸವಕಲು ಮಾತು ತೆಗೆಯುತ್ತದೆ. ಅಂದರೆ ಬ್ಯಾನರು ಚೆನ್ನಾಗಿದೆ, ಅಕ್ಷರ ಮಾತ್ರ ಅಳಿಸಿ ಅಂತ. 1975ರಲ್ಲಿ ಸಿದ್ಧಲಿಂಗಯ್ಯನವರು ತಮ್ಮ ಮೊದಲ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟರು. ಬೈಗುಳವಾಗಿ ಮಾತ್ರ ಓಡಾಡುತ್ತಿದ್ದ ಎರಡು ಪದಗಳು ಪುಸ್ತಕದ ಬೆನ್ನ ಮೇಲೆ ಬಂದು ಕೂತವು. ಲಂಡನ್ನಿನ ಈ ಹುಡುಗರೂ ಅದೇ ಕೆಲಸ ಮಾಡಿದರು. 1984ರ ಡಿಸೆಂಬರ್ 10ರಂದು ಕ್ಯಾಮ್ಡೆನ್ನಿನ ಎಲೆಕ್ಟ್ರಿಕ್ ಬಾಲ್‌ರೂಮಿನಲ್ಲಿ ಗಣಿ ಕಾರ್ಮಿಕರ ಸಹಾಯಾರ್ಥ ಸಂಗೀತ ಕಾರ್ಯಕ್ರಮ ಇಟ್ಟುಕೊಂಡಾಗ ಅದಕ್ಕೆ ಕೊಟ್ಟ ಹೆಸರು 'ಪಿಟ್ಸ್ ಅಂಡ್ ಪರ್ವರ್ಟ್ಸ್'. ಗಣಿಗಳು ಮತ್ತು ವಿಕೃತರು. ಊರು ತಮ್ಮನ್ನು ಏನಂತ ಬೈಯುತ್ತದೋ ಅದನ್ನೇ ಟಿಕೆಟ್ಟಿನ ಮೇಲೆ ಅಚ್ಚು ಹಾಕಿಸಿ ಮಾರಿದರು. ಬ್ರಾನ್‌ಸ್ಕಿ ಬೀಟ್ ತಂಡ ಹಾಡಿತು. ಐದು ಸಾವಿರ ಪೌಂಡಿಗೂ ಹೆಚ್ಚು ದುಡ್ಡು ಎದ್ದಿತು.

ಈ ಡಬ್ಬಿಯ ಕಥೆ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕಾರಣ ಡಬ್ಬಿಯಲ್ಲ. ನಾನೂ ಒಂದು ಬ್ಯಾನರು ಸುತ್ತಿಸಿದವನು.

2006ರಲ್ಲಿ ನಾನು ನಮ್ಮ ಊರಿನ ಪೌರಕಾರ್ಮಿಕರ ಸಂಘದಲ್ಲಿ ಓಡಾಡಿಕೊಂಡಿದ್ದೆ. ಗುತ್ತಿಗೆಯವರಿಗೆ ಮೂರು ತಿಂಗಳ ಕೂಲಿ ಬಂದಿರಲಿಲ್ಲ. ಬೇಸಿಗೆ ಶುರುವಿಗೆ ಪೊರಕೆ ಕೆಳಗಿಟ್ಟು ಕೂತೆವು. ಏಳನೆಯ ದಿನಕ್ಕೆ ಒಲೆ ಹಚ್ಚುವುದು ಕಷ್ಟವಾಯಿತು. ಊರಿನ ಮರ್ಯಾದಸ್ಥರೆಲ್ಲ ಮೂಗು ಮುಚ್ಚಿಕೊಂಡು ನಮ್ಮನ್ನು ಶಪಿಸುತ್ತಿದ್ದಾಗ ಬಸ್‌ಸ್ಟ್ಯಾಂಡಿನ ಹಿಂದೆ ಇರುತ್ತಿದ್ದ ನಾಲ್ಕು ಜನ ಹಿಜ್ರಾಗಳು ಟೆಂಟಿಗೆ ಬಂದರು. ಅಂಗಡಿ ಅಂಗಡಿ ಕೇಳಿ ಕೂಡಿಸಿದ ದುಡ್ಡು ಒಂದು ಕರ್ಚೀಫಿನಲ್ಲಿ, ಅರ್ಧ ಮೂಟೆ ಅಕ್ಕಿ ಆಟೋದಲ್ಲಿ. ನಮ್ಮ ಗಂಡಸರು ಅತ್ತಿತ್ತ ನೋಡಿಕೊಂಡು ನಕ್ಕರು. ಬೀದಿ ಗುಡಿಸುವ ಒಬ್ಬ ಅಜ್ಜಿ ಎದ್ದುಹೋಗಿ ತನ್ನ ಸ್ಟೀಲು ಲೋಟದಲ್ಲೇ ಅವರಿಗೆ ಟೀ ತಂದುಕೊಟ್ಟಳು. ಕುಡಿದ ಮೇಲೆ ಅದೇ ಲೋಟದಲ್ಲಿ ತಾನೂ ಕುಡಿದಳು. ಅದನ್ನು ನಾನು ನೋಡಿದೆ. ನೋಡಿ ಸಂತೋಷವನ್ನೂ ಪಟ್ಟೆ.

ಆಮೇಲೆ ಮೇ ದಿನ ಬಂತು. ಅವರೂ ಮೆರವಣಿಗೆಗೆ ಬಂದರು. ಹಳೇ ಬೆಡ್‌ಶೀಟಿನ ಮೇಲೆ ಬಣ್ಣದಲ್ಲಿ ಕೈಯಿಂದ ಬರೆದ ಬ್ಯಾನರು ತಂದಿದ್ದರು: 'ಕಾರ್ಮಿಕರ ಜೊತೆ ಲೈಂಗಿಕ ಅಲ್ಪಸಂಖ್ಯಾತರು'. ಸಂಘದ ಹಿರಿಯರು ನನ್ನ ಮುಖ ನೋಡಿದರು. ನಾನೇ ಹೋಗಿ ಹೇಳಿದೆ:

'ಬನ್ನಿ ಅಕ್ಕಾ, ನೀವೂ ನಡೀರಿ. ಬ್ಯಾನರು ಮಾತ್ರ ಬೇಡ. ಪೇಪರಿನೋರು ಅದನ್ನೇ ಫೋಟೋ ಹಿಡೀತಾರೆ, ನಮ್ಮ ಡಿಮ್ಯಾಂಡು ಹಿಂದಾಗೋಗ್ತದೆ. ಹಿಂದ್ಗಡೆ ಸಾಲಲ್ಲಿ ಬಂದ್ಬಿಡಿ.'

ಆಕೆ ಬ್ಯಾನರು ಸುತ್ತುತ್ತಾ ಅಂದಳು: 'ಆಯ್ತು ಬಿಡಣ್ಣ. ನಮ್ ಅಕ್ಕಿ ಮ್ಯಾಲೂ ಹೆಸರು ಬರ್ದಿರ್ಲಿಲ್ಲ.'

ಇಷ್ಟು ಹೇಳಿ ಸಿನಿಮಾಕ್ಕೆ ಬರುತ್ತೇನೆ. ಇದನ್ನು ಮುಚ್ಚಿಟ್ಟು 'ಪ್ರೈಡ್' ಕುರಿತು ನಾಲ್ಕು ಪುಟ ಬರೆದರೆ ಅದು ವಿಮರ್ಶೆ ಆಗುವುದಿಲ್ಲ.

ಸಿನಿಮಾ ಚೆನ್ನಾಗಿದೆ. ಅಳಿಸುತ್ತದೆ, ನಗಿಸುತ್ತದೆ. ನನ್ನ ತಕರಾರು ಇರುವುದು ಅದು ಈ ಒಗ್ಗಟ್ಟು ಹೇಗೆ ಹುಟ್ಟಿತು ಎಂದು ಹೇಳುವ ರೀತಿಯ ಬಗ್ಗೆ. ಸಿನಿಮಾದ ಪ್ರಕಾರ ಅದು ಹೃದಯ ಪರಿವರ್ತನೆಯಿಂದ ಹುಟ್ಟಿತು. ಒರಟು ಗಣಿಯವರು, ನಯವಾದ ಹುಡುಗರು. ಮೊದಲು ಮುಜುಗರ. ಆಮೇಲೆ ಊರಿನ ಕ್ಲಬ್ಬಿನಲ್ಲಿ ಒಬ್ಬ ಮೇಜಿನ ಮೇಲೆ ಹತ್ತಿ ಕುಣಿಯುತ್ತಾನೆ, ಹೆಂಗಸರೆಲ್ಲ ಕರಗಿ ಹೋಗುತ್ತಾರೆ, ಗಂಡಸರು ನಮಗೂ ಕುಣಿತ ಕಲಿಸಿ ಅಂತ ಬರುತ್ತಾರೆ. ಒಪ್ಪದ ಒಬ್ಬ ಕೆಟ್ಟ ಹೆಂಗಸು ಇದ್ದಾಳೆ, ಅವಳನ್ನು ಕಥೆಗಾರ ಕಲ್ಪಿಸಿದ್ದು. ಅವಳೊಬ್ಬಳು ಸೋತರೆ ಪೂರ್ವಗ್ರಹವೇ ಸೋತಂತೆ.

ಈ ಕುಣಿತದ ದೃಶ್ಯ ನನಗೆ ಹಿಂಸೆ ಕೊಟ್ಟಿತು. ನಮ್ಮ ಕಡೆ ಜಾತ್ರೆಗೆ ತಮಟೆ ಬೇಕು, ತಮಟೆ ಬಡಿಯೋನು ಗುಡಿಯೊಳಗೆ ಬೇಡ. ಮದುವೆ ಮನೆಗೆ ಹಿಜ್ರಾಗಳ ಆಶೀರ್ವಾದ ಬೇಕು, ಪಂಕ್ತಿಯಲ್ಲಿ ಅವರು ಬೇಡ. ಕುಣಿದು ಮೆಚ್ಚಿಸಿದವನಿಗೆ ಮಾತ್ರ ಕೂರಲು ಜಾಗ ಕೊಡುವುದು ಬಹಳ ಹಳೆಯ ವ್ಯವಹಾರ. ಮೇಜಿನ ಮೇಲೆ ಕುಣಿಯಲು ಬಾರದ, ಮಾತಿನಲ್ಲಿ ಚೂಟಿ ಇಲ್ಲದ, ಮುಖ ಸಿಂಡರಿಸಿಕೊಂಡು ಕೂತ ಸಲಿಂಗಿಯೊಬ್ಬ ಆ ಹಳ್ಳಿಗೆ ಬಂದಿದ್ದರೆ? ಅವನ ಪಾಲಿಗೂ ಒಂದು ಹಾಸಿಗೆ ಇತ್ತು ಎನ್ನುವುದೇ ನಿಜವಾದ ಸಂಗತಿ. ಸಿನಿಮಾಕ್ಕೆ ಅದು ಸಾಲಲಿಲ್ಲ.

ನಿಜ ಸಂಗತಿ ಹೀಗಿದೆ. 1984ರ ಮಾರ್ಚ್‌ನಲ್ಲಿ ಇಪ್ಪತ್ತು ಗಣಿ ಮುಚ್ಚುತ್ತೇವೆ, ಇಪ್ಪತ್ತು ಸಾವಿರ ಕೆಲಸ ಹೋಗುತ್ತದೆ ಎಂದು ಸರ್ಕಾರಿ ಕಲ್ಲಿದ್ದಲು ಮಂಡಳಿ ಹೇಳಿದ ಮೇಲೆ ಮುಷ್ಕರ ಹಬ್ಬಿತು. ಜೂನ್ 30ರ ಲಂಡನ್ ಪ್ರೈಡ್ ಮೆರವಣಿಗೆಯಲ್ಲಿ ಮಾರ್ಕ್ ಆಷ್ಟನ್, ಮೈಕ್ ಜಾಕ್ಸನ್ ಎಂಬ ಇಬ್ಬರು ಗೆಳೆಯರು ಗಣಿಯವರಿಗಾಗಿ ಬಕೆಟ್ಟಿನಲ್ಲಿ ಚಂದಾ ಎತ್ತಿದರು. ಜುಲೈನಲ್ಲಿ ಆಷ್ಟನ್‌ನ ಮನೆಯಲ್ಲಿ ಕೆಲವೇ ಜನ ಸೇರಿ ಗುಂಪು ಕಟ್ಟಿದರು. ಆ ಹೊತ್ತಿಗೆ ಬ್ಲೂಮ್ಸ್‌ಬರಿಯ 'ಗೇಸ್ ದ ವರ್ಡ್' ಎಂಬ ಪುಸ್ತಕದಂಗಡಿಯ ಮೇಲೆ ಕಸ್ಟಮ್ಸ್‌ನವರು ದಾಳಿ ಮಾಡಿ ಪುಸ್ತಕ ಹೊತ್ತುಕೊಂಡು ಹೋಗಿ ಮೂರೇ ತಿಂಗಳಾಗಿತ್ತು. ಓರ್‌ಗ್ರೀವ್‌ನಲ್ಲಿ ಕುದುರೆ ಪೊಲೀಸರು ಮುಷ್ಕರದವರನ್ನು ತುಳಿದು ಬಡಿದು ತಿಂಗಳಾಗಿರಲಿಲ್ಲ. ಇಬ್ಬರಿಗೂ ಲಾಠಿ ಒಂದೇ. ಇಷ್ಟನ್ನು ಸಿನಿಮಾ ಚುರುಕಾಗಿ ಹೇಳುತ್ತದೆ, ಒಪ್ಪುತ್ತೇನೆ.

ಸಿನಿಮಾ ಹಾರಿಸಿಬಿಟ್ಟದ್ದು ಆಷ್ಟನ್ ಯಾರು ಎಂಬುದನ್ನು. ಆತ ಕಮ್ಯುನಿಸ್ಟ್ ಪಕ್ಷದವನು. ಮುಂದೆ ಅದರ ಯುವ ಸಂಘಟನೆಯ ಪ್ರಧಾನ ಕಾರ್ಯದರ್ಶಿಯೂ ಆದ. ಸಿನಿಮಾದಲ್ಲಿ ಆತ ಬರೀ ಒಬ್ಬ ಹುಮ್ಮಸ್ಸಿನ ಹುಡುಗ. ಡಬ್ಬಿಯವರು ಒಂದು ಹೆಸರು ಅಳಿಸಿದರು ಅಂತ ಬೈದೆವಲ್ಲ, ಸಿನಿಮಾದವರು ಅದಕ್ಕೂ ಮೊದಲೇ ಇನ್ನೊಂದನ್ನು ಅಳಿಸಿದ್ದರು. ಮೇಲಾಗಿ ಗುಂಪಿನ ಒಳಗೆ ಗಂಡಸರದೇ ದರ್ಬಾರು ಎಂದು ಕೆಲವು ಹೆಂಗಸರು ನವೆಂಬರಿನಲ್ಲಿ 'ಲೆಸ್ಬಿಯನ್ಸ್ ಅಗೇನ್‌ಸ್ಟ್ ಪಿಟ್ ಕ್ಲೋಷರ್ಸ್' ಎಂಬ ಬೇರೆ ಗುಂಪು ಮಾಡಿಕೊಂಡರು. ಸಿನಿಮಾಕ್ಕೆ ಅದು ನಗೆಚಾಟಿಕೆಯ ವಸ್ತು. ದಲಿತ ಸಂಘಟನೆಗಳ ಒಳಗೆ ನಮ್ಮ ಹೆಣ್ಣುಮಕ್ಕಳು ಎದ್ದು ಮಾತಾಡಿದಾಗ ನಾವು ನಕ್ಕಿದ್ದೂ ಹೀಗೆಯೇ.

ಇನ್ನು ವೇಲ್ಸ್. ಮುಷ್ಕರದ ಸಂಘದ ದುಡ್ಡನ್ನು ನ್ಯಾಯಾಲಯ ಮುಟ್ಟುಗೋಲು ಹಾಕಿತ್ತು. ಹಾಗಾಗಿ ಚಂದಾ ದುಡ್ಡನ್ನು ಮೇಲಿನ ಆಫೀಸಿಗೆ ಕಳಿಸುವಂತಿಲ್ಲ, ನೇರ ಯಾವುದಾದರೂ ಒಂದು ಊರಿಗೆ ಕೊಡಬೇಕು. ಡಿಲೈಸ್ ಕಣಿವೆ ಸಿಕ್ಕಿತು. ಅಲ್ಲಿಯ ಬೆಂಬಲ ಸಮಿತಿ ವಾರವಾರ ನೂರಾರು ಮನೆಗಳಿಗೆ ದಿನಸಿ ಪೊಟ್ಟಣ ಕಟ್ಟಿ ಕಳಿಸುತ್ತಿತ್ತು. ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಹೆವೀನಾ ಹೆಡನ್ ಕಾರ್ಯದರ್ಶಿ. ಆಗ ಎಳೇ ಮಕ್ಕಳ ತಾಯಿಯಾಗಿದ್ದ ಶಾನ್ ಜೇಮ್ಸ್ ಮುಂದೆ 2005ರಲ್ಲಿ ಪಾರ್ಲಿಮೆಂಟಿಗೇ ಗೆದ್ದು ಹೋದರು. ಅಕ್ಟೋಬರಿನ ಕೊನೆಗೆ ಲಂಡನ್ನಿನಿಂದ ಎರಡು ಡಜನ್ನಿಗೂ ಹೆಚ್ಚು ಜನ ಹೊರಟು ಕಣಿವೆಗೆ ಬಂದರು. ಲಾಡ್ಜು ಇರಲಿಲ್ಲ. ಗಣಿಯವರ ಮನೆಗಳಲ್ಲೇ ಇಳಿದುಕೊಂಡರು. ಅವರ ಅಡುಗೆಮನೆಯಲ್ಲಿ ಉಂಡರು, ಅವರ ಮಕ್ಕಳ ಹಾಸಿಗೆಯ ಪಕ್ಕದಲ್ಲಿ ಮಲಗಿದರು.

ಇಲ್ಲಿ ನಿಲ್ಲಬೇಕು. ಅದು 1984. ಏಡ್ಸ್ ಹೇಗೆ ಹರಡುತ್ತದೆ ಅಂತ ಜನಕ್ಕೆ ತಿಳಿದಿರದ ಕಾಲ. ಪತ್ರಿಕೆಗಳು ಅದನ್ನು ಸಲಿಂಗಿಗಳ ಪ್ಲೇಗು ಅಂತ ಕರೆಯುತ್ತಿದ್ದವು. ಕಪ್ಪಿನಿಂದ ಬರುತ್ತದೆ, ಎಂಜಲಿನಿಂದ ಬರುತ್ತದೆ, ಟವೆಲ್ಲಿನಿಂದ ಬರುತ್ತದೆ ಎಂಬ ಭಯ ದೇಶದ ತುಂಬ ಇತ್ತು. ಕಣಿವೆಗೆ ಹೋದವರಲ್ಲಿ ಜೊನಾಥನ್ ಬ್ಲೇಕ್ ಒಬ್ಬರು. ಅವರಿಗೆ ಆ ಸೋಂಕು ಇದೆ ಎಂದು 1982ರಲ್ಲೇ ಗೊತ್ತಾಗಿತ್ತು. ಇಂಥ ಹೊತ್ತಿನಲ್ಲಿ ಹಾಸಿಗೆ ಬಿಟ್ಟುಕೊಡುವುದು, ಕಪ್ಪು ಕೊಡುವುದು ಏನು ಎಂಬುದನ್ನು ಇಂಗ್ಲಿಷ್ ವಿಮರ್ಶಕ 'ಆತಿಥ್ಯ' ಎಂದು ಬರೆದು ಮುಂದೆ ಹೋಗಬಹುದು. ಮುಟ್ಟಿನ ಲೆಕ್ಕ ಗೊತ್ತಿರುವ ನಾವು ಹಾಗೆ ಹೋಗಲಾರೆವು.

ಯಾಕೆಂದರೆ ಕಾರ್ಮಿಕ ಚಳವಳಿ ಎಂಜಲಿನ ಎದುರು ಸೋತ ಒಂದು ಕಥೆ ನಮ್ಮ ಹತ್ತಿರ ಇದೆ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಅಡ್ಡಿ ಮಾಲೀಕರದಷ್ಟೇ ಅಲ್ಲ, ಜೊತೆ ಕೆಲಸಗಾರರದೇ. ನೂಲು ಕಡಿದಾಗ ಬಾಯೆಂಜಲು ಹಚ್ಚಿ ಸೇರಿಸಬೇಕಿತ್ತು, ಅಸ್ಪೃಶ್ಯನ ಎಂಜಲು ತಗುಲಿದ ನೂಲನ್ನು ಸವರ್ಣ ಕಾರ್ಮಿಕ ಮುಟ್ಟಲು ತಯಾರಿರಲಿಲ್ಲ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಇದನ್ನು ಎತ್ತಿದರು. ಕೆಂಪು ಬಾವುಟದ ನಾಯಕರಿಗೆ ಅದು ಇರುಸುಮುರುಸು. ಒಗ್ಗಟ್ಟು ಒಡೆಯುವ ಮಾತು ಈಗ ಯಾಕೆ? (ನಾನು ಬ್ಯಾನರು ಸುತ್ತಿಸಿದಾಗ ಆಡಿದ್ದೂ ಇದೇ ಮಾತು. ಬೇರೆ ಉಡುಪಿನಲ್ಲಿ ಅಷ್ಟೆ.) 1938ರಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ಅಸ್ಪೃಶ್ಯ ನೌಕರರ ಸಮ್ಮೇಳನದಲ್ಲಿ ಅಂಬೇಡ್ಕರ್ ಕಾರ್ಮಿಕರಿಗೆ ಇಬ್ಬರು ಶತ್ರುಗಳು ಎಂದು ಹೇಳಿದ್ದು ಈ ಅನುಭವದ ಮೇಲೆ: ಬಂಡವಾಳಶಾಹಿ ಒಂದು, ಬ್ರಾಹ್ಮಣಶಾಹಿ ಇನ್ನೊಂದು. ಎರಡನೆಯದು ಕೂಲಿಯವನ ಒಳಗೇ ಕೂತಿರುತ್ತದೆ ಎಂಬುದು ಅವರ ವಾದದ ತಿರುಳು.

ಹಾಗಾದರೆ ಡಿಲೈಸ್‌ನ ಗಣಿಯವರು ನಮ್ಮ ಗಿರಣಿಯವರಿಗಿಂತ ಒಳ್ಳೆಯ ಮನುಷ್ಯರೇ? ಆ ಪ್ರಶ್ನೆಯೇ ತಪ್ಪು. ಅವರು ಚಾಪೆಲ್ಲಿಗೆ ಹೋಗುವ, ಗಂಡಸ್ತನವನ್ನು ತೋಳಿನ ಮೇಲೆ ಹೊತ್ತು ತಿರುಗುವ, ಸಲಿಂಗಿಗಳ ಬಗ್ಗೆ ಊರೆಲ್ಲ ಆಡುವ ಜೋಕನ್ನೇ ಆಡುವ ಜನ. ಅವರ ಹತ್ತಿರ ಇದ್ದದ್ದು ಒಳ್ಳೆಯತನಕ್ಕಿಂತ ಗಟ್ಟಿಯಾದ ಒಂದು ವಸ್ತು: ಸಂಘದ ನೆನಪು. ಅಮೆರಿಕ ಸರ್ಕಾರ ಪಾಸ್‌ಪೋರ್ಟು ಕಿತ್ತುಕೊಂಡಿದ್ದ ಕಾಲದಲ್ಲಿ, 1957ರಲ್ಲಿ, ಕರಿಯ ಹಾಡುಗಾರ ಪಾಲ್ ರೋಬ್ಸನ್ ಅಟ್ಲಾಂಟಿಕ್ ಆಚೆಯಿಂದ ಟೆಲಿಫೋನಿನಲ್ಲಿ ಹಾಡಿದ್ದು ಇದೇ ದಕ್ಷಿಣ ವೇಲ್ಸ್ ಗಣಿ ಕಾರ್ಮಿಕರ ಸಮಾವೇಶಕ್ಕೆ, ಪೋರ್ತ್‌ಕಾಲ್ ಎಂಬ ಊರಿನಲ್ಲಿ. ಸ್ಪೇನಿನ ಅಂತರ್ಯುದ್ಧಕ್ಕೆ ಈ ಕಣಿವೆಗಳಿಂದ ಗಣಿಯವರು ಹೋಗಿ ಸತ್ತಿದ್ದರು. ಕೂಲಿಯಲ್ಲಿ ಕಾಸು ಹಿಡಿಸಿ ಕಟ್ಟಿಕೊಂಡ ಸಭಾಭವನ, ಲೈಬ್ರರಿಗಳು ಅವರಿಗಿದ್ದವು. ಬೆಂಬಲ ಸಮಿತಿಯಲ್ಲಿದ್ದ ಹವೆಲ್ ಫ್ರಾನ್ಸಿಸ್ ಇದೇ ಚರಿತ್ರೆಯನ್ನು ಬರೆದ ಇತಿಹಾಸಕಾರ. ದೂರದವನು ತಮ್ಮವನಾಗುವುದನ್ನು ಅವರು ಒಂದು ತಲೆಮಾರಿನ ಹಿಂದೆಯೇ ಅಭ್ಯಾಸ ಮಾಡಿದ್ದರು. 1984ರಲ್ಲಿ ಅದನ್ನು ಹೊಸಬರಿಗೆ ಚಾಚಿದರು. ಸಿನಿಮಾದಲ್ಲಿ ಈ ಚರಿತ್ರೆಗೆ ಜಾಗ ತೀರಾ ಕಮ್ಮಿ. ಇದಿಲ್ಲದೆ ಕಥೆ ಪವಾಡದ ಹಾಗೆ ಕಾಣುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಬೇಕು. ದುಡ್ಡು ಕೊಟ್ಟ ಹುಡುಗರು ಹೆಸರು ಮುಚ್ಚಿಟ್ಟು ಕೊಡಲಿಲ್ಲ. ಅವರ ದುಡ್ಡಿನಿಂದ ಕಣಿವೆಗೆ ಬಂದ ವ್ಯಾನಿನ ಮೇಲೆ ಗುಂಪಿನ ಹೆಸರು, ಗುಲಾಬಿ ತ್ರಿಕೋನ. ದಿನಸಿ ಹಂಚಲು ಆ ವ್ಯಾನು ಊರೂರು ತಿರುಗಿತು. ಲಂಡನ್ನಿನ ಬೇರೆ ಬೇರೆ ಎಡ ಗುಂಪುಗಳಲ್ಲಿ ಸಲಿಂಗಿಗಳು ಮೊದಲೂ ಇದ್ದರು, ಚಂದಾ ಕೊಟ್ಟೂ ಇದ್ದರು. ಹೆಸರಿಲ್ಲದೆ. ಹೆಸರಿಟ್ಟು ಕೊಟ್ಟಾಗ ಮಾತ್ರ ಪಡೆಯುವವನಿಗೆ ಒಂದು ಪ್ರಶ್ನೆ ಹುಟ್ಟುತ್ತದೆ: ಇವರ ದುಡ್ಡು ತಿನ್ನುತ್ತೇನೆ, ಇವರ ಹೆಸರು ಹೇಳುತ್ತೇನೋ ಇಲ್ಲವೋ? ನನ್ನ ಊರಿನ ಆ ಹೆಣ್ಣುಮಗಳು ಅಕ್ಕಿ ಮೂಟೆಯ ವಿಷಯ ಎತ್ತಿದಾಗ ನನಗೆ ಇದು ತಲೆಗೆ ಹೋಗಲಿಲ್ಲ. ಏನೋ ಕೊಂಕು ಮಾತಾಡಿದಳು ಅಂದುಕೊಂಡೆ.

ಎಲೆಕ್ಟ್ರಿಕ್ ಬಾಲ್‌ರೂಮಿನಲ್ಲಿ ಡೈ ಡೊನೊವನ್ ಎಂಬ ಕಣಿವೆಯ ಪ್ರತಿನಿಧಿ ಆಡಿದ ಮಾತು ಹೆಸರಾಗಿದೆ. ನೀವು ನಮ್ಮ ಬಿಲ್ಲೆ ಎದೆಗೆ ಚುಚ್ಚಿಕೊಂಡಿರಿ, ಇನ್ನು ನಿಮ್ಮ ಬಿಲ್ಲೆಯನ್ನು ನಾವು ಚುಚ್ಚಿಕೊಳ್ಳುತ್ತೇವೆ ಎಂಬುದು ಅದರ ಸಾರ. ಸಿನಿಮಾ ಮತ್ತು ಅದರ ಮೇಲೆ ಬಂದ ಬರಹಗಳು ಇದನ್ನು ಕೃತಜ್ಞತೆ ಎಂದೇ ಓದಿವೆ. ಕೊಟ್ಟರು, ಪಡೆದರು, ತೀರಿಸಿದರು. ಋಣ ಎಂಬ ಪದ ಕೇಳಿದರೆ ನನ್ನ ಮೈ ಉರಿಯುತ್ತದೆ. ನಮ್ಮ ತಾತಂದಿರು ಋಣದ ಮೇಲೆಯೇ ಜೀತಕ್ಕೆ ಹೋದವರು. ಋಣ ತೀರುವವರೆಗೆ ಧಣಿಯ ಮನೆ, ತೀರಿದ ಮೇಲೆ ನೀನು ಯಾರೋ ನಾನು ಯಾರೋ. ಗಣಿಯವರು ಮಾಡಿದ್ದು ಋಣ ತೀರಿಸುವ ಕೆಲಸವಾಗಿದ್ದರೆ ಒಂದು ಧನ್ಯವಾದ ಪತ್ರದಲ್ಲಿ ಮುಗಿಯುತ್ತಿತ್ತು.

ತಾರೀಖುಗಳನ್ನು ನೋಡಿ. ಮುಷ್ಕರ 1985ರ ಮಾರ್ಚ್ ಮೊದಲ ವಾರದಲ್ಲಿ ಸೋತು ಮುಗಿಯಿತು. ಒಂದು ಬೇಡಿಕೆಯೂ ಈಡೇರದೆ ಜನ ಬ್ಯಾಂಡು ಬಾರಿಸಿಕೊಂಡು ಗಣಿಗೆ ಇಳಿದರು. ಇನ್ನು ಯಾರ ಚಂದಾವೂ ಬರಬೇಕಾಗಿಲ್ಲ, ಯಾರಿಗೂ ಮುಖ ತೋರಿಸಬೇಕಾಗಿಲ್ಲ. ಆಮೇಲೆ ಜೂನ್ 29ಕ್ಕೆ ದಕ್ಷಿಣ ವೇಲ್ಸ್‌ನ ಗಣಿಯವರು ಹೆಂಡತಿ ಮಕ್ಕಳ ಸಮೇತ ಲಂಡನ್ನಿಗೆ ಬಂದು, ಬ್ಲೈನಾಂಟ್ ಗಣಿಯ ಸಂಘದ ಬ್ಯಾನರು ಬಿಚ್ಚಿ, ಪ್ರೈಡ್ ಮೆರವಣಿಗೆಯ ಮುಂದೆ ನಡೆದರು. ಸಿನಿಮಾ ಇಲ್ಲಿಗೆ ನಿಲ್ಲುತ್ತದೆ. ನೂರಾರು ಜನ, ಬ್ಯಾಂಡು, ಬಾವುಟ, ಕಣ್ಣೀರು. ಮುಂದಿನದು ಪರದೆಯ ಮೇಲೆ ಎರಡು ಸಾಲಿನ ಬರಹವಾಗಿ ಹಾಯ್ದು ಹೋಗುತ್ತದೆ.

ನನಗೆ ಆ ಎರಡು ಸಾಲೇ ನಿಜವಾದ ಕ್ಲೈಮ್ಯಾಕ್ಸು. 1985ರ ಅಕ್ಟೋಬರಿನಲ್ಲಿ ಬೋರ್ನ್‌ಮತ್‌ನಲ್ಲಿ ಲೇಬರ್ ಪಕ್ಷದ ಸಮ್ಮೇಳನ. ಸಲಿಂಗಪ್ರೇಮಿಗಳ ಸಮಾನ ಹಕ್ಕಿಗೆ ಪಕ್ಷ ಬದ್ಧವಾಗಬೇಕು ಎಂಬ ನಿರ್ಣಯ ಬಂತು. ಆಗ ಆ ಪಕ್ಷದಲ್ಲಿ ಒಂದೊಂದು ಯೂನಿಯನ್ನು ತನ್ನ ಸದಸ್ಯರ ಲೆಕ್ಕದಲ್ಲಿ ಇಡಿಗಂಟಾಗಿ ಮತ ಹಾಕುತ್ತಿತ್ತು. ಗಣಿ ಕಾರ್ಮಿಕರ ರಾಷ್ಟ್ರೀಯ ಸಂಘ ತನ್ನ ಗಂಟನ್ನು ಆ ನಿರ್ಣಯದ ಕಡೆ ಹಾಕಿತು. ನಿರ್ಣಯ ಗೆದ್ದಿತು. ಡಿಲೈಸ್ ಕಣಿವೆಯಲ್ಲಿ ಯಾರದೋ ಮನೆಯ ಕಪ್ಪಿನಲ್ಲಿ ಕುಡಿದ ಟೀ ಅಲ್ಲಿಗೆ ಬಂದು ಮುಟ್ಟಿತು. ಯಾರ್ಕ್‌ಷೈರಿನಲ್ಲೋ ಸ್ಕಾಟ್ಲೆಂಡಿನಲ್ಲೋ ಒಬ್ಬನೇ ಒಬ್ಬ ಸಲಿಂಗಿಯನ್ನೂ ನೋಡಿರದ, ನೋಡಿದರೆ ಉಗಿಯಬಹುದಾದ ಗಣಿಯವನ ಲೆಕ್ಕವೂ ಆ ಗಂಟಿನಲ್ಲಿತ್ತು. ಅವನ ಹೃದಯ ಪರಿವರ್ತನೆ ಆಗುವವರೆಗೆ ಯಾರೂ ಕಾಯಲಿಲ್ಲ. ಮುಂದೆ 1988ರಲ್ಲಿ ಶಾಲೆಗಳಲ್ಲಿ ಸಲಿಂಗಪ್ರೇಮದ ಬಗ್ಗೆ ಒಳ್ಳೇ ಮಾತಾಡದ ಹಾಗೆ ಸ್ಥಳೀಯ ಸಂಸ್ಥೆಗಳ ಬಾಯಿ ಕಟ್ಟುವ 28ನೇ ಕಲಮು ತಂದಾಗಲೂ ಗಣಿಯವರ ಗುಂಪುಗಳು ಅದರ ವಿರುದ್ಧ ನಿಂತವು.

ನಮ್ಮಲ್ಲಿ ಸಹಪಂಕ್ತಿ ಭೋಜನ ಎಷ್ಟು ಆಗಿಲ್ಲ? ಫೋಟೋ ಹಿಡಿಸಿ, ಎಲೆ ಎತ್ತಿ, ಮಾರನೇ ದಿನ ಅದೇ ಕೇರಿ ಅದೇ ಬಾವಿ. ಉಂಡದ್ದು ಸುಳ್ಳಲ್ಲ, ಉಂಡ ಮೇಲೆ ಊರಿನ ಒಂದು ಕಟ್ಟಳೆಯೂ ಬದಲಾಗಲಿಲ್ಲ, ಒಂದು ಮತವೂ ಬೀಳಲಿಲ್ಲ. ಅಂಬೇಡ್ಕರ್ ಸಹಭೋಜನದ ಮೇಲೆ ಭರವಸೆ ಇಡದೆ ಹಕ್ಕಿನ ಮೇಲೆ, ಕಾನೂನಿನ ಮೇಲೆ ಇಟ್ಟದ್ದನ್ನು ಒಣ ವಕೀಲಿಕೆ ಎಂದವರಿದ್ದಾರೆ. ಅವರು ಬೋರ್ನ್‌ಮತ್‌ನ ಮತಪತ್ರ ನೋಡಲಿ. ಅಂದಹಾಗೆ, ವಕೀಲಿಕೆಯ ಮಾತು ಬಂತು. ರ.ಧೋ. ಕರ್ವೆ ತಮ್ಮ 'ಸಮಾಜಸ್ವಾಸ್ಥ್ಯ' ಪತ್ರಿಕೆಯಲ್ಲಿ ಓದುಗರ ಲೈಂಗಿಕ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆಂದು ಅಶ್ಲೀಲತೆಯ ಕೇಸು ಬಿದ್ದಾಗ, 1934ರಲ್ಲಿ, ಮುಂಬಯಿ ನ್ಯಾಯಾಲಯದಲ್ಲಿ ಅವರ ಪರ ನಿಂತ ವಕೀಲ ಅಂಬೇಡ್ಕರ್. ಆ ಪ್ರಶ್ನೆಗಳಲ್ಲಿ ಸಲಿಂಗಕಾಮದ್ದೂ ಇತ್ತು. ಕೇಸು ಸೋತಿತು. ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕಿ 'ಇವೆಲ್ಲ ನಮ್ಮ ಸಮಸ್ಯೆ ಅಲ್ಲ ಕಾಮ್ರೇಡ್' ಎನ್ನುವ ಗೆಳೆಯರಿಗೆ ಇದನ್ನು ಹೇಳಿದಾಗಲೆಲ್ಲ ಅವರು ಮಾತು ಬದಲಾಯಿಸುತ್ತಾರೆ.

ನಮ್ಮ ಸಮಸ್ಯೆ ಅಲ್ಲವೇ? 1871ರ ಕ್ರಿಮಿನಲ್ ಬುಡಕಟ್ಟು ಕಾಯ್ದೆ ಎಲ್ಲರಿಗೂ ಗೊತ್ತು. ಅಲೆಮಾರಿಗಳನ್ನು ಹುಟ್ಟುಗಳ್ಳರು ಅಂತ ಪಟ್ಟಿ ಮಾಡಿದ ಕಾಯ್ದೆ. ಅದರ ಎರಡನೆಯ ಭಾಗವನ್ನು ಓದಿದವರು ಕಮ್ಮಿ. ಅದು ಇಂಗ್ಲಿಷರು 'ಯೂನಕ್' ಎಂದು ಕರೆದ ಹಿಜ್ರಾಗಳ ಪಟ್ಟಿ ಮಾಡುವುದಕ್ಕೆ. ಒಂದೇ ಪುಸ್ತಕ, ಒಂದೇ ರುಜು, ಎರಡು ಅಧ್ಯಾಯ. ನೂರನಲವತ್ತು ವರ್ಷ ಕಳೆದು 2011ರಲ್ಲಿ ಕರ್ನಾಟಕದ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿದರಲ್ಲ, ಅದರಲ್ಲೂ ಅದೇ ಪದ, ಅದೇ ಪಟ್ಟಿಯ ಆಸೆ. ಹೋರಾಟಗಾರರು ಕೋರ್ಟಿಗೆ ಹೋದ ಮೇಲೆ ಆ ಪದ ಕೈಬಿಟ್ಟರು. ಆ ಹೋರಾಟದ ಬೀದಿಯಲ್ಲಿ ನಮ್ಮ ನೀಲಿ ಬಾವುಟ ನನಗೆ ಕಾಣಲಿಲ್ಲ. ಬೆಂಗಳೂರಿನಲ್ಲಿ ಹಿಜ್ರಾ, ಕೋತಿ ಸಮುದಾಯದವರ ಮೇಲಿನ ಪೊಲೀಸ್ ದೌರ್ಜನ್ಯದ ಬಗ್ಗೆ ಪಿಯುಸಿಎಲ್ ಕರ್ನಾಟಕ 2003ರಲ್ಲೇ ವರದಿ ತಂದಿತ್ತು. ನಮ್ಮ ಸಂಘದ ಆಫೀಸಿನ ಬೀರುವಿನಲ್ಲಿ ಅದರ ಒಂದು ಪ್ರತಿ ಇತ್ತು. ನಾನು ಬ್ಯಾನರು ಸುತ್ತಿಸಿದ ದಿನವೂ ಇತ್ತು.

ಇಲ್ಲಿಗೆ ನಿಲ್ಲಿಸಿದರೆ ಡಿಲೈಸ್ ಒಂದು ಪುಣ್ಯಕಥೆ ಆಗಿಬಿಡುತ್ತದೆ. ಹಾಗಾಗಬಾರದು. ಮುಂದೆ ಏನಾಯಿತು? ಬ್ಲೈನಾಂಟ್ ಗಣಿ 1990ರಲ್ಲಿ ಮುಚ್ಚಿತು. ಆಷ್ಟನ್ 1987ರ ಫೆಬ್ರವರಿಯಲ್ಲಿ ಏಡ್ಸ್‌ನಿಂದ ಸತ್ತ, ಇಪ್ಪತ್ತಾರು ವರ್ಷ. 28ನೇ ಕಲಮು ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 2003ರಲ್ಲಿ ರದ್ದಾಯಿತು, 2014ರಲ್ಲಿ ಅಲ್ಲಿ ಸಲಿಂಗ ವಿವಾಹ ಬಂತು. ಒಂದು ಕಡೆಯವರಿಗೆ ಹಕ್ಕು ಸಿಕ್ಕಿತು, ಇನ್ನೊಂದು ಕಡೆಯವರಿಗೆ ಗಣಿಯೂ ಹೋಯಿತು ಕೆಲಸವೂ ಹೋಯಿತು. ಬಂಡವಾಳಕ್ಕೆ ಖರ್ಚಿಲ್ಲದ ಹಕ್ಕನ್ನು ಅದು ಕೊಡುತ್ತದೆ, ಕೂಲಿಯ ಹಕ್ಕನ್ನು ಕೊಡುವುದಿಲ್ಲ. ಇದನ್ನು ಸಿನಿಮಾ ಕೇಳುವುದೇ ಇಲ್ಲ.

2015ರಲ್ಲಿ ಮೂವತ್ತನೇ ವರ್ಷದ ನೆನಪಿಗೆ ಲಂಡನ್ ಪ್ರೈಡ್‌ನವರು ಹಳೆಯ ಗುಂಪಿನವರನ್ನು ಕರೆದು ನೀವೇ ಮೆರವಣಿಗೆಯ ಮುಂದೆ ನಡೆಯಿರಿ ಅಂದರು. ಇವರು ಯೂನಿಯನ್ನುಗಳೂ ನಮ್ಮ ಜೊತೆ ಮುಂದೆ ಇರಲಿ ಅಂದರು. ಆಗುವುದಿಲ್ಲ, ಯೂನಿಯನ್ನುಗಳ ಜಾಗ ಹಿಂದೆ ಎಂಬ ಉತ್ತರ ಬಂತು. ಹಾಗಿದ್ದರೆ ನಮಗೂ ಮುಂದಿನ ಜಾಗ ಬೇಡ ಎಂದು ಈ ಮುದುಕರು ಹಿಂದೆ ಹೋಗಿ ಯೂನಿಯನ್ನುಗಳ ಜೊತೆ ನಡೆದರು. ಮೆರವಣಿಗೆಗೆ ದುಡ್ಡು ಕೊಟ್ಟ ದೊಡ್ಡ ಕಂಪನಿಗಳು ಇವರಿಗಿಂತ ಮುಂದಾದವು. ಸಿನಿಮಾ ಬಂದ ಮಾರನೇ ವರ್ಷ ನಡೆದದ್ದು ಇದು. ಇದನ್ನು ಓದಿದಾಗ ಮೇ ದಿನದ ಹಿಂದಿನ ಸಾಲು ನನಗೆ ಮತ್ತೆ ಕಂಡಿತು. ನಾನು ಹಿಂದೆ ಹೋಗಿ ನಡೆದಿರಲಿಲ್ಲ. ಮೈಕಿನ ಗಾಡಿಯ ಪಕ್ಕದಲ್ಲಿದ್ದೆ.

ಮುಂದಿನ ವರ್ಷ ಅವರು ಬರಲಿಲ್ಲ. ಕರೆಯಲು ನಾನೂ ಹೋಗಲಿಲ್ಲ. ಸಿನಿಮಾ ನೋಡಿದ ಮೇಲೆ ಹುಡುಕಿಕೊಂಡು ಬಸ್‌ಸ್ಟ್ಯಾಂಡಿನ ಹಿಂದಕ್ಕೆ ಹೋದೆ. ಆ ಸಾಲು ಮನೆಗಳೇ ಇರಲಿಲ್ಲ, ಕಾಂಪ್ಲೆಕ್ಸ್ ಎದ್ದಿತ್ತು. ಲೋಟ ಕೊಟ್ಟ ಅಜ್ಜಿ ಇನ್ನೂ ಇದ್ದಳು. 'ಅವಳಾ? ಬೆಂಗಳೂರಿಗೋದ್ಲು ಕಣಪ್ಪ. ಹೋಗೋ ಮುಂದ ನನ್ ತಾವ ಬಂದು ಲೋಟ ಕೊಡಜ್ಜಿ ಅಂತ ಕೇಳಿ ಇಸ್ಕಂಡೋದ್ಲು' ಅಂದಳು. ಬ್ಯಾನರಿನ ವಿಷಯ ಅವಳಿಗೆ ನೆನಪಿರಲಿಲ್ಲ.

2021ರಲ್ಲಿ ರಾಜ್ಯ ಸರ್ಕಾರದ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಸಮತಲ ಮೀಸಲಾತಿ ಬಂತು. ಸಮತಲ ಎಂದರೆ ಪರಿಶಿಷ್ಟ ಜಾತಿಯವರಿಗೆ ಅವರ ಜಾತಿಯ ಪಾಲಿನೊಳಗೇ, ಹಾಗೆ ಎಲ್ಲ ವರ್ಗದವರಿಗೂ ಅವರವರ ಪಾಲಿನೊಳಗೇ. ಜಾತಿಯ ಹೆಸರನ್ನೋ ಲಿಂಗದ ಹೆಸರನ್ನೋ ಒಂದನ್ನು ಬಿಟ್ಟು ಬಾ ಎಂದು ಯಾರಿಗೂ ಹೇಳಬೇಕಾಗಿಲ್ಲ. ಗ್ರೇಸ್ ಬಾನು ಅವರಂಥ ದಲಿತ ಟ್ರಾನ್ಸ್ ಹೋರಾಟಗಾರರು ತಮಿಳುನಾಡಿನಲ್ಲಿ ವರ್ಷಗಳಿಂದ ಕೇಳುತ್ತಿರುವುದು ಇದನ್ನೇ. ಪೌರಕಾರ್ಮಿಕರ ನೇಮಕಾತಿಯಲ್ಲಿ ಇದು ಹೇಗೆ ನಡೆಯಬೇಕು, ನಮ್ಮ ಸಂಘ ಅದಕ್ಕೆ ಏನು ಮಾಡಬೇಕು ಎಂದು ಒಂದು ನಿರ್ಣಯ ಬರೆದು ಕಾರ್ಯಕಾರಿ ಸಮಿತಿಗೆ ಕೊಟ್ಟಿದ್ದೇನೆ. ಮೇ ದಿನದ ಮೆರವಣಿಗೆಯಲ್ಲಿ ಯಾವ ಸಂಘಟನೆ ಬಂದರೂ ತನ್ನ ಹೆಸರಿನ ಬ್ಯಾನರು ಹಿಡಿದೇ ನಡೆಯಬೇಕು ಎಂಬುದು ಅದರ ಎರಡನೆಯ ಭಾಗ. ಎರಡು ಸಭೆ ಆಯಿತು. ಮೊದಲನೆಯದರಲ್ಲಿ ಕೋರಂ ಇರಲಿಲ್ಲ. ಎರಡನೆಯದರಲ್ಲಿ ಸಮಯ ಸಾಲಲಿಲ್ಲ ಅಂದರು. ಮೂರನೆಯದು ಈ ತಿಂಗಳ ಕೊನೆಯ ಭಾನುವಾರ.